‘ಏನೂ ಇಲ್ಲ’ ಎಂದ ಜಾಗದಲ್ಲಿ ಇರುವುದೇನು?

ಕೆರೆ ಸುಂದರೀಕರಣ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಕೆರೆಯ ಗೇಟಿಗೆ ತಮ್ಮ ಕಚೇರಿ ಅಂಟಿಸಿರುವ ಪ್ರಕಟಣೆಯಲ್ಲಿ ಎರಡು ಸುಳ್ಳುಗಳಿವೆ. ದುರದೃಷ್ಟವೆಂದರೆ ಅವೆರಡನ್ನೂ ಹೇಳಿದ್ದು ನನ್ನ ಅತ್ತೆ. ‘ಕೆರೆಯ ಜೊಂಡಿನ ಭಾಗದಲ್ಲಿ ಪಕ್ಷಿಗಳ ವಾಸ ಕಂಡುಬಂದಿರುವುದಿಲ್ಲ. ತೇಲುವ ಕಸ ಮಾತ್ರ ಇರುತ್ತದೆ. ಸ್ಥಳೀಯ ಪಕ್ಷಿ ವೀಕ್ಷಕರ ತಂಡದ ಹಿರಿಯ ಸದಸ್ಯೆಯೇ ಇದನ್ನು ದೃಢಪಡಿಸಿರುತ್ತಾರೆ’ ಎಂದು ತಾವು ಮೊಹರು ಒತ್ತಿ ಸಾರಿದ್ದೀರಿ. ಆದ್ದರಿಂದ ಬರುವ ಸೋಮವಾರ ಯಂತ್ರ ಇಳಿಸಿ ಜೊಂಡನ್ನೆಲ್ಲ ಬುಡಸಮೇತ ತೆಗೆಯಲಾಗುವುದು ಎಂದೂ ಸಾರಿದ್ದೀರಿ. ತಾವು ಕಸ ಎಂದಿರುವುದು ಗುಳುಮುಳುಕ ಹಕ್ಕಿಯ ಗೂಡು. ಅದರಲ್ಲಿ ಮೊಟ್ಟೆಗಳಿವೆ. ಸೋಮವಾರದ ಹೊತ್ತಿಗೆ ಅವು ಮರಿಯಾಗಿರಲೂಬಹುದು.

ಹಾಗಾದರೆ ನಿಮ್ಮ ಅತ್ತೆ ಸುಳ್ಳೇಕೆ ಹೇಳಿದರು ಎಂದು ತಾವು ಕೇಳಬಹುದು. ಖಂಡಿತ ಕೇಳಬೇಕು. ಮೊಹರು ಒತ್ತುವ ಮೊದಲೇ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ತಾವಾದರೋ ಪ್ರತ್ಯಕ್ಷವಾಗಿ ಕಾಣದೆಯೇ ಪ್ರಮಾಣಪತ್ರ ಕೊಟ್ಟಿದ್ದೀರಿ. ಈ ವೇಗವನ್ನು ಬೀದಿದೀಪ ಸರಿಮಾಡುವುದರಲ್ಲಿ ತೋರಿಸಿದ್ದರೆ ನಮ್ಮ ಓಣಿ ಇಷ್ಟು ಹೊತ್ತಿಗೆ ಬೆಳಗುತ್ತಿತ್ತು.

ನಾನು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವಳು. ತಾವೂ ನನ್ನ ಗಿರಾಕಿಯೇ. ತಮ್ಮ ಕನ್ನಡಕದ ನಂಬರನ್ನು ಊರಿಗೆಲ್ಲ ಹೇಳುವವಳು ನಾನಲ್ಲ, ಅದು ಕಸುಬಿನ ಮರ್ಯಾದೆ. ನನ್ನ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಎಷ್ಟೋ ಮನೆಯ ಜಗಳ, ಎಷ್ಟೋ ಜೋಡಿಗಳ ಗುಟ್ಟು ಅವರ ಕಿವಿಯ ಮೇಲೆ ಹಾದುಹೋಗಿವೆ. ಒಂದೂ ಅವರ ಬಾಯಿಂದ ಹೊರಬಂದಿಲ್ಲ. ಮನೆಯಲ್ಲಿ ನಾವು ಕೆದಕಿ ಕೇಳಿದರೆ, “ಲೈನ್ ಖಾಲಿ ಇಲ್ಲ, ಆಮೇಲೆ ಮಾಡಿ” ಎಂದು ಎದ್ದು ಹೋಗುತ್ತಾರೆ. ಭಾನುವಾರ ಬೆಳಿಗ್ಗೆ ಹಕ್ಕಿ ನೋಡಲು ಹೋಗುವ ನಮ್ಮ ಪುಟ್ಟ ತಂಡಕ್ಕೆ ಅವರೇ ಯಜಮಾನಿ. ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತಾರೆ. ಆ ನೋಟಕ್ಕೆ ಕೆಮ್ಮು ತಾನಾಗಿ ನಿಲ್ಲುತ್ತದೆ.

ನಮ್ಮ ತಂಡದಲ್ಲಿ ಒಂದು ರೂಢಿಯಿದೆ. ಎಲ್ಲಾದರೂ ಗೂಡು ಕಂಡರೆ ಯಾರೂ ನಿಲ್ಲುವಂತಿಲ್ಲ, ಬೆರಳು ತೋರುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮುಂದಿದ್ದವರು ಮೆಲ್ಲಗೆ “ಏನೂ ಇಲ್ಲ, ನಡೀರಿ” ಎನ್ನಬೇಕು. ಉಳಿದವರು ಕತ್ತು ತಿರುಗಿಸದೆ, ಕಣ್ಣಂಚಿನಲ್ಲಿ ನೋಡಿಕೊಂಡು ಮುಂದೆ ಸಾಗಬೇಕು. ನಮ್ಮೊಳಗೆ ‘ಏನೂ ಇಲ್ಲ’ ಎಂದರೆ ‘ಇದೆ, ತುಂಬ ಇದೆ, ಅದರ ಪಾಡಿಗೆ ಅದನ್ನು ಬಿಡಿ’ ಎಂದರ್ಥ. ನಿಜವಾಗಿಯೂ ಏನೂ ಇಲ್ಲದ ಕಡೆ ನಾವು ಹಾಗೆನ್ನುವುದಿಲ್ಲ. ಅಲ್ಲಿ, ತಂಡದಲ್ಲೊಬ್ಬರಾದ ಬೇಕರಿಯವರು ತಂದ ಬನ್ನು ತಿನ್ನುತ್ತ ಧಾರಾಳವಾಗಿ ಹರಟುತ್ತೇವೆ.

ಈ ರೂಢಿ ಹುಡುಗಾಟಕ್ಕೆ ಹುಟ್ಟಿದ್ದಲ್ಲ. ಎರಡು ವರ್ಷದ ಕೆಳಗೆ ಕೆರೆಯ ಏರಿಯ ಮಣ್ಣಿನಲ್ಲಿ ಮಿಂಚುಳ್ಳಿಯೊಂದು ಬಿಲ ಕೊರೆದು ಮರಿ ಮಾಡಿತ್ತು. ಬೇಕರಿಯವರು ಖುಷಿಯ ಭರದಲ್ಲಿ ಅದರ ಫೋಟೋ ತೆಗೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದರು. ನಾವೆಲ್ಲ ಭೇಷ್ ಎಂದೆವು, ನಾನು ಎಲ್ಲರಿಗಿಂತ ಮೊದಲು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ ಗೊತ್ತಿಲ್ಲ. ಮುಂದಿನ ಭಾನುವಾರ ಏರಿಯ ಮೇಲೆ ಜಾತ್ರೆ ನೆರೆದಿತ್ತು. ಫಿರಂಗಿಯಷ್ಟು ಉದ್ದದ ಲೆನ್ಸು, ಮಡಚುವ ಕುರ್ಚಿ, ಫ್ಲಾಸ್ಕು. ಅಡ್ಡ ಬರುತ್ತದೆಂದು ಒಬ್ಬರು ಬಿಲದ ಮುಂದಿನ ಗಿಡವನ್ನು ಕಡಿದರು. ತಾಯಿಹಕ್ಕಿ ಕೊಕ್ಕಿನಲ್ಲಿ ಮೀನು ಹಿಡಿದು ಎದುರಿನ ತಂತಿಯ ಮೇಲೆ ಕೂತೇ ಇತ್ತು. ಇಳಿಯಲು ಧೈರ್ಯ ಸಾಲದೆ ಆ ಮೀನನ್ನು ಕಚ್ಚಿಕೊಂಡೇ ಅತ್ತಿತ್ತ ಸರಿಯುತ್ತಿತ್ತು. “ಆಹಾ, ಎಂಥಾ ಪೋಸು!” ಎಂದರು ಜನ.

ಅತ್ತೆ ಒಬ್ಬೊಬ್ಬರ ಬಳಿಯೂ ಹೋಗಿ ಕೈಮುಗಿದರು. “ಐದೇ ನಿಮಿಷ ಅಜ್ಜಿ” ಎಂದರು ಎಲ್ಲರೂ. ಐವತ್ತು ಜನರ ಐದೈದು ನಿಮಿಷ ಸೇರಿದರೆ ನಾಲ್ಕು ಗಂಟೆ ದಾಟುತ್ತದೆ ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಮಾರನೆಯ ದಿನವೂ ಅದೇ ಗುಂಪು, ಅದರ ಮಾರನೆಯ ದಿನವೂ ಅದೇ. ಬಿಲದೊಳಗಿನಿಂದ ಮರಿಗಳ ಸದ್ದು ಬರುತ್ತಿತ್ತು. ಆಮೇಲೆ ಸಣ್ಣಗಾಯಿತು. ಆಮೇಲೆ ನಿಂತಿತು. ಜನ ಹೋದ ಮೇಲೆ ಅತ್ತೆ ಆ ಬಿಲದ ಪಕ್ಕ ಕುಳಿತು ಕಿವಿಯಿಟ್ಟು ಕೇಳುತ್ತಿದ್ದರು, ಎಕ್ಸ್‌ಚೇಂಜಿನಲ್ಲಿ ಸತ್ತ ಲೈನನ್ನು ಪರೀಕ್ಷಿಸುತ್ತಿದ್ದ ಹಾಗೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೇಕರಿಯವರು ಅಂದಿನಿಂದ ಕ್ಯಾಮರಾ ಮುಟ್ಟಿಲ್ಲ. ‘ಏನೂ ಇಲ್ಲ, ನಡೀರಿ’ ಹುಟ್ಟಿದ್ದು ಹೀಗೆ.

ಇನ್ನು ತಮ್ಮ ‘ಸ್ಥಳ ಪರಿಶೀಲನೆ’ಯ ಕಥೆ. ಹೋದ ತಿಂಗಳು ಒಂದು ಭಾನುವಾರ, ನಾವು ಹೊರಟಾದ ಮೇಲೆ ಒಬ್ಬರು ಓಡೋಡಿ ಬಂದು, “ನಾನೂ ಸೇರ್ಕೋಬಹುದಾ?” ಎಂದರು. ಹೊಸ ಬೂಟು, ಇಸ್ತ್ರಿ ಮಾಡಿದ ಅಂಗಿ. ಹೊಸಬರು ಬಂದರೆ ನಮಗೆ ಹಬ್ಬ. ಹೆಸರೊಂದನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ಬೇಕರಿಯವರು ಮೊದಲು ಬನ್ನು ಕೊಟ್ಟರು. ಹೊರಡುವ ಮುನ್ನ ಅತ್ತೆ ಹೊಸಬರಿಗೆ ತಂಡದ ರೂಢಿಗಳನ್ನೆಲ್ಲ ಹೇಳುತ್ತಾರೆ. ಈ ಮಹನೀಯರು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ತಡವಾಗಿ ಬಂದಿದ್ದರಿಂದ ಆ ಪಾಠ ತಪ್ಪಿಹೋಗಿತ್ತು. ಅವರು ತಮ್ಮ ಸಹಾಯಕ ಎಂಜಿನಿಯರ್ ಎಂದು ನಮಗೆ ತಿಳಿದದ್ದು ಪ್ರಕಟಣೆಯ ಕೆಳಗಿನ ಸಹಿ ನೋಡಿದಾಗ.

ಜೊಂಡಿನ ಪಕ್ಕ ಒಂದು ಕಡೆ ಅತ್ತೆ, “ಏನೂ ಇಲ್ಲ, ನಡೀರಿ” ಎಂದರು. ಎಲ್ಲರೂ ನಡೆದೆವು. ಹೊಸಬರು ನಿಂತರು.

“ಅಲ್ಲೇನೋ ತೇಲ್ತಿದೆಯಲ್ಲಮ್ಮಾ?”

“ಕಸ ಸ್ವಾಮಿ.”

“ಹಕ್ಕಿಗಿಕ್ಕಿ ಇಲ್ವಾ ಇಲ್ಲಿ?”

“ಏನೂ ಇಲ್ಲ, ನೀವು ನಡೀರಿ.”

ಗುಳುಮುಳುಕದ ಗೂಡು ನೋಡಲು ಕಸದ ಹಾಗೆಯೇ ಇರುತ್ತದೆ. ಕೊಳೆತ ಎಲೆ, ನೀರುಬಳ್ಳಿ, ನಾರು ಎಲ್ಲ ಸೇರಿದ ಒಂದು ಒದ್ದೆ ಮುದ್ದೆ. ಹಕ್ಕಿ ಗೂಡು ಬಿಟ್ಟು ನೀರಿಗಿಳಿಯುವ ಮೊದಲು ಗಡಿಬಿಡಿಯಲ್ಲಿ ನಾಲ್ಕೆಲೆ ಎಳೆದು ಮೊಟ್ಟೆಗಳನ್ನು ಮುಚ್ಚುತ್ತದೆ. ಆಮೇಲೆ ಗುಳುಕ್ ಎಂದು ಮುಳುಗಿ ಇನ್ನೆಲ್ಲೋ ಏಳುತ್ತದೆ, ತನಗೂ ಆ ಗೂಡಿಗೂ ಏನೂ ಸಂಬಂಧವಿಲ್ಲ ಎಂಬಂತೆ. ಅಂದರೆ ಅಂದು ಅಲ್ಲಿ ‘ಏನೂ ಇಲ್ಲ’ ಎಂದು ಮೊದಲು ಹೇಳಿದ್ದು ಆ ಹಕ್ಕಿಯೇ. ಅತ್ತೆ ಅದರ ಮಾತಿಗೆ ದನಿಗೂಡಿಸಿದರು. ಅವರಿಬ್ಬರ ಮಾತನ್ನೂ ತಾವು ನಂಬಿಬಿಟ್ಟಿರಿ. ಸಾರ್ವಜನಿಕರು ಹೇಳಿದ್ದನ್ನು ಸರ್ಕಾರಿ ಕಚೇರಿಯೊಂದು ಅಕ್ಷರಶಃ ನಂಬಿದ್ದು ನನಗೆ ತಿಳಿದಂತೆ ಇದೇ ಮೊದಲು. ಎಂಥ ಹೊತ್ತಿನಲ್ಲಿ ನಂಬಿದಿರಿ ಸ್ವಾಮಿ!

ಪ್ರಕಟಣೆಯನ್ನು ಅತ್ತೆ ಗೇಟಿನ ಬಳಿ ನಿಂತು ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು. ‘ಹಿರಿಯ ಸದಸ್ಯೆಯೇ’ ಎಂಬಲ್ಲಿ ಬೆರಳು ನಿಂತಿತು. ಮನೆಗೆ ಬಂದವರೇ ದುರ್ಬೀನನ್ನು ಒರೆಸಿ, ಡಬ್ಬದೊಳಗಿಟ್ಟು, ಬೀರುವಿನ ಮೇಲಕ್ಕೆ ಸರಿಸಿದರು.

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣೇ. ಕಾಪಾಡೋಕೆ ಅಂತ ಆಡಿದ ಮಾತು, ನೋಡು, ಅದೇ ಅದಕ್ಕೆ ಮುಳುವಾಯ್ತು.”

“ಆಕ್ಷೇಪಣೆ ಹಾಕೋಣ ಅತ್ತೆ, ಇನ್ನೂ ಟೈಮಿದೆ” ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಯಾರ ಮುಂದೆಯೂ ಕುಗ್ಗದ ಆ ಹೆಂಗಸು ಹಾಗೆ ಮಲಗಿದ್ದನ್ನು ಕಂಡು ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕ ಎಂಜಿನಿಯರ್ ನನ್ನ ಗುರುತು ಹಿಡಿದು ಕುರ್ಚಿ ಎಳೆದುಕೊಟ್ಟರು. ಕೆಟ್ಟ ಮನುಷ್ಯರಲ್ಲ. ಬನ್ನಿನ ಋಣ ಅವರಿಗೆ ನೆನಪಿತ್ತು.

“ಮೇಡಂ, ನೀವು ಹೇಳಿದ್ದನ್ನೇ ಅಲ್ವಾ ನಾನು ಬರೆದಿರೋದು? ಹಾಗಾದ್ರೆ ಅಮ್ಮ ಅವತ್ತು ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ ಸಾರ್, ಬಾಗಿಲು ಹಾಕಿದ್ದು. ಬಾಣಂತಿ ಕೋಣೆ ಬಾಗಿಲು ಹಾಕಿದ್ರೆ ಒಳಗೆ ಯಾರೂ ಇಲ್ಲ ಅಂತ ಬರ್ಕೊಂಡು ಹೋಗ್ತೀರಾ?”

ಅವರು ನಕ್ಕರು, ಆಮೇಲೆ ನಗು ತಡೆದುಕೊಂಡರು. “ಒಂದು ದಾರಿ ಇದೆ ಮೇಡಂ. ಗೂಡಿನ ಫೋಟೋ, ಜಾಗದ ನಕ್ಷೆ ಎರಡೂ ಕೊಡಿ. ಕೆಲಸ ಸದ್ಯಕ್ಕೆ ನಿಲ್ಲುತ್ತೆ. ಆದ್ರೆ ನಾವು ಅವನ್ನ ಗೇಟಲ್ಲಿ, ಜಾಲತಾಣದಲ್ಲಿ ಹಾಕ್ಲೇಬೇಕು. ಪಾರದರ್ಶಕತೆ ಅಂತ ನಿಯಮ ಇದೆ.”

ಪಾರದರ್ಶಕ ಎಂಬುದು ನನ್ನ ಕಸುಬಿನ ಪದ ಮಾನ್ಯರೇ. ನಾನು ಮಾರುವ ಗಾಜೆಲ್ಲ ಪಾರದರ್ಶಕವೇ. ಆದರೂ ನನ್ನ ಮಲಗುವ ಕೋಣೆಯ ಕಿಟಕಿಗೆ ಪರದೆ ಹಾಕಿದ್ದೇನೆ. ತಮ್ಮ ಮನೆಯಲ್ಲೂ ಪರದೆಗಳಿರಬೇಕಲ್ಲವೇ? ಹಕ್ಕಿಗೊಂದು ಪರದೆಯಿದೆ, ಅದರ ಹೆಸರು ಜೊಂಡು. ಅದನ್ನೇ ತಾವು ಸೌಂದರ್ಯಕ್ಕೆ ಅಡ್ಡಿ ಎಂದು ಕೀಳಲು ಹೊರಟಿದ್ದೀರಿ. ತಮ್ಮ ಯೋಜನೆಯ ಚಿತ್ರವನ್ನು ಅಲ್ಲೇ ಗೋಡೆಯ ಮೇಲೆ ನೋಡಿದೆ. ಜೊಂಡಿರುವ ಜಾಗದಲ್ಲಿ ಹಂಸದ ಆಕಾರದ ಪ್ಲಾಸ್ಟಿಕ್ ದೋಣಿಗಳು, ಗೇಟಿನ ಮೇಲೆ ಸಿಮೆಂಟಿನ ಕೊಕ್ಕರೆ, ಮೂಲೆಯಲ್ಲಿ ‘ಪಕ್ಷಿ ವೀಕ್ಷಣಾ ಗೋಪುರ’. ಹಕ್ಕಿಗಳನ್ನು ಓಡಿಸಿ ಆದ ಮೇಲೆ ಆ ಗೋಪುರ ಹತ್ತಿ ನಾವು ನೋಡಬೇಕಾದದ್ದು ಏನನ್ನು? ದೋಣಿಗಳನ್ನೇ? ಅವು ಮೊಟ್ಟೆ ಇಡುವುದಿಲ್ಲ, ಆದ್ದರಿಂದ ಆಡಳಿತಕ್ಕೆ ತೊಂದರೆಯೂ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಗುಳುಮುಳುಕ ಅಪರೂಪದ ಹಕ್ಕಿಯೇನಲ್ಲ ಎಂದು ತಮಗೆ ಯಾರಾದರೂ ಹೇಳಿಯಾರು. ನಿಜ. ಎಷ್ಟೋ ಕೆರೆಗಳಲ್ಲಿ ಅದು ಸಿಗುತ್ತದೆ. ಅಂಗೈಯಗಲದ, ಕಂದು ಬಣ್ಣದ, ಬಾಲವೂ ಸರಿಯಾಗಿಲ್ಲದ ಸಾಧಾರಣ ಜೀವಿ. ಆದರೆ ಸಾಧಾರಣ ಎಂಬ ಕಾರಣಕ್ಕೆ ಒಬ್ಬರ ಮನೆಯನ್ನು ಮಕ್ಕಳ ಸಮೇತ ಎತ್ತಿ ಲಾರಿಗೆ ಸುರಿಯಬಹುದು ಎಂದಾದರೆ ನಾನೂ ತಾವೂ ಎಲ್ಲಿಗೆ ಹೋಗೋಣ? ನಾನಂತೂ ಯಾವ ಅಪರೂಪದ ಪಟ್ಟಿಯಲ್ಲೂ ಇಲ್ಲ.

ನಮ್ಮ ಸ್ಥಿತಿ ಈಗ ಅತ್ತ ದರಿ ಇತ್ತ ಪುಲಿ. ಗೂಡು ಇರುವ ಜಾಗ ತೋರಿಸಿದರೆ ಜನ ಬರುತ್ತಾರೆ, ತೋರಿಸದಿದ್ದರೆ ಯಂತ್ರ ಬರುತ್ತದೆ. ಆ ಸಂಜೆ ಇದನ್ನು ಅತ್ತೆಗೆ ಹೇಳಿದಾಗ ಅವರು ಗೋಡೆಯಿಂದ ಈ ಕಡೆ ತಿರುಗಿದರು. “ಮಿಂಚುಳ್ಳಿ ಮರೆತುಹೋಯ್ತಾ ನಿಂಗೆ? ಯಂತ್ರಕ್ಕಾದ್ರೆ ಅಲ್ಲಿ ಗೂಡಿದೆ ಅಂತ ಗೊತ್ತಿರಲ್ಲ. ಜನ ಗೊತ್ತಿದ್ದೂ ನಿಲ್ತಾರೆ.” ಬೇಕರಿಯವರಂತೂ ಫೋಟೋ ಎಂಬ ಮಾತು ಕೇಳಿಯೇ ಎದ್ದು ಹೋದರು. ಈ ಪತ್ರದಲ್ಲಿ ಗೂಡಿದೆ ಎಂದು ಬರೆದಿದ್ದಕ್ಕೇ ಅತ್ತೆ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ನನಗೂ ಹೆದರಿಕೆಯಿದೆ. ಆದರೆ ಬಾಯಿ ಮುಚ್ಚಿಕೊಂಡು ಸೋಮವಾರ ಆ ಯಂತ್ರದ ಸದ್ದು ಕೇಳುವ ಹೆದರಿಕೆ ಅದಕ್ಕಿಂತ ದೊಡ್ಡದು. ಆದ್ದರಿಂದ ಇದ್ದದ್ದೆಲ್ಲವನ್ನೂ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆದಿದ್ದೇನೆ, ಒಂದನ್ನು ಬಿಟ್ಟು. ಆ ಗೂಡು ಜೊಂಡಿನ ಯಾವ ಕಡೆಯಲ್ಲಿದೆ ಎಂದು ಬರೆಯುವುದಿಲ್ಲ. ಓದುಗರೂ ದಯವಿಟ್ಟು ಹುಡುಕಿಕೊಂಡು ಬರಬಾರದು.

ನನ್ನ ಬೇಡಿಕೆ ಇಷ್ಟೇ. ತಾಯಿಯ ಬೆನ್ನೇರಿ ತಿರುಗುವ ಮರಿಗಳು ಆ ಬೆನ್ನು ಬಿಟ್ಟು ತಮ್ಮಷ್ಟಕ್ಕೆ ಮುಳುಗಲು ಕಲಿಯುವವರೆಗೆ ಆ ಯಂತ್ರ ಕೆರೆಗೆ ಇಳಿಯಬಾರದು. ಆಮೇಲೂ ಜೊಂಡನ್ನು ಕೀಳಲೇಬೇಕೇ ಎಂಬ ಜಗಳವನ್ನು ನಾವು ಹಗಲಲ್ಲಿ, ತಮ್ಮ ಮೇಜಿನ ಎದುರು ಕೂತು ಸಾವಕಾಶವಾಗಿ ಆಡೋಣ. ಸಾಕ್ಷಿ ಬೇಕೆಂದರೆ ಈ ಭಾನುವಾರ ಬೆಳಿಗ್ಗೆ ತಾವೇ ಬನ್ನಿ. ಬೇರೆಯವರನ್ನು ಕಳಿಸಬೇಡಿ, ತಡವಾಗಿಯೂ ಬರಬೇಡಿ, ಕ್ಯಾಮರಾ ತರಬೇಡಿ. ಕನ್ನಡಕ ಮರೆಯಬೇಡಿ. ತಾವು ಬರುವುದಾದರೆ ದುರ್ಬೀನು ಕೆಳಗಿಳಿಸುತ್ತೇನೆ ಎಂದು ಅತ್ತೆ ಹೇಳಿದ್ದಾರೆ.

ಅವರು ತಮಗೂ ಏನನ್ನೂ ತೋರಿಸುವುದಿಲ್ಲ. ಬೆರಳನ್ನೂ ಎತ್ತುವುದಿಲ್ಲ. ಒಂದು ಕಡೆ ಬಂದಾಗ ಮೆಲ್ಲಗೆ, “ಏನೂ ಇಲ್ಲ ಸ್ವಾಮಿ, ನಡೀರಿ” ಎನ್ನುತ್ತಾರೆ. ಆಗ ನಿಲ್ಲಬೇಡಿ, ನಡೆಯುತ್ತಲೇ ಕಣ್ಣಂಚಿನಲ್ಲಿ ನೋಡಿಕೊಳ್ಳಿ. ಆಮೇಲೆ ಕಚೇರಿಗೆ ಹೋಗಿ ಕೆಲಸ ನಿಲ್ಲಿಸಿ. ಅಲ್ಲಿ ಅಂಥಾದ್ದೇನಿದೆ ಎಂದು ಯಾರಾದರೂ ತಮ್ಮನ್ನು ಕೇಳಿದರೆ ಏನು ಉತ್ತರ ಕೊಡಬೇಕೆಂದು ಆ ಹೊತ್ತಿಗೆ ತಮಗೇ ತಿಳಿದಿರುತ್ತದೆ.

ಇಂತಿ,
‘ಕಸ’ದ ಕಾವಲಿಗೆ ನಿಂತ ಹಿರಿಯ ಸದಸ್ಯೆಯ ಸೊಸೆ,
ದೂರದ್ದೂ ಹತ್ತಿರದ್ದೂ ಎರಡೂ ಕಾಣುವ ಕನ್ನಡಕ ಮಾರುವವಳು