ಕಕ್ಷಿದಾರರನ್ನು ಕುಡಿದ ವಕೀಲ

ಸಿಂಗಮ್ಮನಕೆರೆ
ಫೆಬ್ರವರಿ ೩೧, ೨೨೪೬

ಪೂಜ್ಯ ತುಂಗಜ್ಜಿಗೆ, ನಿಮ್ಮ ಆರನೇ ತಲೆಮಾರಿನ ಮಾಲತೇಶನ ನಮಸ್ಕಾರಗಳು.

ಮೊದಲಿಗೆ ಒಂದು ಸಣ್ಣ ಅಪರಾಧವನ್ನು ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ: ತುಂಬಿದ ನ್ಯಾಯಾಲಯದಲ್ಲಿ ನನ್ನ ಕಕ್ಷಿದಾರರನ್ನು ನಾನು ಕುಡಿದುಬಿಟ್ಟೆ.

ಮೇಲಿನ ತಾರೀಖು ನೋಡಿ ನಗಬೇಡಿ. ಏಪ್ರಿಲ್ ತಿಂಗಳ ಬಿಸಿಲನ್ನು ಯಾರೂ ತಡೆಯಲಾರದೆ ಹೋದಾಗ ಸರ್ಕಾರ ಅದರ ದಿನಗಳನ್ನು ಕಿತ್ತು ಫೆಬ್ರವರಿಗೆ ಅಂಟಿಸಿತು. ಸೆಕೆ ಮಾತ್ರ ಆ ಆದೇಶವನ್ನು ಇನ್ನೂ ಓದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಜಲವಕೀಲ; ಕೆರೆ, ಹಳ್ಳ, ಗೋಮಾಳಗಳ ಪರವಾಗಿ ವಾದಿಸುವವನು. ನಿಮ್ಮಂತೆಯೇ ಭೂಬಳಕೆಯ ಕಾನೂನು ಓದಿ, ಸರ್ವೆ ನಕ್ಷೆಗಳಲ್ಲಿ ಕಣ್ಣು ಕಳೆದುಕೊಂಡು, ಕೆಲಕಾಲ ಯೋಜನಾ ಪ್ರಾಧಿಕಾರದಲ್ಲಿ ದುಡಿದು ಈ ಕಡೆ ಬಂದೆ. ನಮ್ಮ ಕಾಲದಲ್ಲಿ ಕೆರೆಯೂ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ. ವಿಚಾರಣೆಯ ದಿನ ಅದರ ನೀರನ್ನು ತಾಮ್ರದ ಚೊಂಬಿನಲ್ಲಿ ತಂದು ಕುರ್ಚಿಯ ಮೇಲೆ ಕೂರಿಸಬೇಕು. ಇದಕ್ಕೆ ‘ಹಾಜರಿ ನೀರು’ ಎನ್ನುತ್ತೇವೆ. ಚೊಂಬು ಖಾಲಿಯಿದ್ದರೆ ಕಕ್ಷಿದಾರರು ಗೈರು. ಕೇಸು ವಜಾ, ಕೆರೆ ಬಡಾವಣೆ.

ಅಂದು ಸಿಂಗಮ್ಮನಕೆರೆಯ ಕೊನೆಯ ವಿಚಾರಣೆ. ಎದುರಾಳಿಗಳಿಗೆ ನೀರು ಕುಡಿಸುವವನೆಂದು ನನಗೆ ಹೆಸರು. ವಾದದ ಭರದಲ್ಲಿ ಗಂಟಲೊಣಗಿ, ಕುರ್ಚಿಯ ಮೇಲಿದ್ದ ಚೊಂಬೆತ್ತಿ ನಾನೇ ಕುಡಿದೆ. ನ್ಯಾಯಾಧೀಶೆ ಕನ್ನಡಕ ಇಳಿಸಿ, ‘ವಕೀಲರೇ, ನಿಮ್ಮ ಕಕ್ಷಿದಾರರೆಲ್ಲಿ?’ ಎಂದರು. ‘ಒಳಗೇ ಅದಾರ್ರಿ, ತಾಯಿ’ ಎಂದೆ. ಎದುರು ವಕೀಲ ಗುಳೇದ ಬಿಟ್ಟಾನೆಯೇ? ‘ಹಂಗಾರ ತೀರ್ಪು ಬರೋತನಕ ಇವರನ್ನ ಬಚ್ಚಲಕ್ಕ ಬಿಡಬ್ಯಾಡ್ರಿ, ವಾದಿ ಪರಾರಿ ಆಗ್ತಾರ’ ಎಂದ. ನ್ಯಾಯಾಧೀಶೆಯೂ ನಕ್ಕು, ಕಕ್ಷಿದಾರರು ಕೋರ್ಟಿನಲ್ಲೇ ಇದ್ದಾರೆಂದು ಬರೆಸಿ, ಮುಂದುವರಿಸಲು ಹೇಳಿದರು.

ಆಮೇಲೆ ಯಾರೂ ನಗಲಿಲ್ಲ. ನಾನು ಬಾಯಿ ತೆರೆದರೆ ದನಿ ನನ್ನದಾಗಿರಲಿಲ್ಲ. ಆ ಕೆರೆಯಲ್ಲಿ ಬಟ್ಟೆ ಒಗೆದವರು, ಎಮ್ಮೆಯ ಮೈ ತೊಳೆದವರು, ಈಜು ಕಲಿಯಲು ಇಳಿದು ಮೇಲೆ ಬರದ ಒಬ್ಬ ಹುಡುಗಿ, ಎಲ್ಲರ ಹೆಸರೂ ತಣ್ಣಗೆ ಹೊರಬಂದವು. ಕೊನೆಯದು ನಿಮ್ಮದು, ಅಜ್ಜಿ: ಕೆರೆಗೆ ನೀರು ತರುವ ಕಾಲುವೆಯ ಮೇಲೆ ಮನೆ ಕಟ್ಟಬಹುದೆಂದು ಅಭಿಪ್ರಾಯ ಬರೆದುಕೊಟ್ಟ ವಕೀಲೆ ತುಂಗಾ ಸವಣೂರು. ನ್ಯಾಯಾಧೀಶೆ ಎಲ್ಲವನ್ನೂ ಬರೆಸಿಕೊಂಡರು. ಕೆರೆ ಗೆದ್ದಿತು.

ನೀರು ಕುಡಿದಷ್ಟು ಸುಲಭವಾಗಿ ಗೆದ್ದೆನೆಂದು ಊರೆಲ್ಲ ಹೇಳಿಕೊಂಡು ಬಂದೆ. ಕೆರೆ ತಾನೇ ನನ್ನ ಬಾಯಿಂದ ವಾದಿಸಿತು, ಈ ಭಾಗ್ಯ ಬೇರಾವ ವಕೀಲನಿಗುಂಟು ಎಂದೆ. ಅಂದಿನಿಂದ ಮಲಗಿದರೆ ಪಕ್ಕೆಲುಬಿಗೆ ಅಲೆ ಬಡಿಯುತ್ತದೆ. ಹೆಂಡತಿಗೂ ಕೇಳಿಸುತ್ತದೆ. ‘ನಿಮ್ಮ ಕಕ್ಷಿದಾರರಿಗೆ ಸುಮ್ಮ ಮಲಕೊಳ್ಳಾಕ ಹೇಳ್ರಿ’ ಎಂದು ಮಗ್ಗುಲಾಗುತ್ತಾಳೆ.

ಈ ಪತ್ರ ತಲುಪುವ ನಿಮ್ಮ ಕಾಲದಲ್ಲಿ ಆ ಅಭಿಪ್ರಾಯ ಈಗ ನಿಮ್ಮ ಮೇಜಿನ ಮೇಲಿದೆ, ಇನ್ನೂ ಸಹಿಯಾಗಿಲ್ಲ. ಸಹಿಗೆ ಮುಂಚೆ, ಒಂದು ಮಳೆ ಬಿದ್ದಾಗ, ಆ ಕಾಲುವೆಯ ದಂಡೆಯ ಮೇಲೆ ಹೋಗಿ ನಿಂತುಕೊಳ್ಳಿ. ನನ್ನ ಕೋರಿಕೆ ಅಷ್ಟೇ.

ಇನ್ನೊಂದು ಮಾತನ್ನು ಹೆಂಡತಿಗೂ ಹೇಳಿಲ್ಲ. ಅಂದು ಬೆಳಿಗ್ಗೆ ಚೊಂಬು ಹಿಡಿದು ಕೆರೆಗೆ ಹೋಗಿದ್ದೆ. ನೆಲ ಬಿರುಕು ಬಿಟ್ಟಿತ್ತು. ಆ ಮನೆಗಳು ಎದ್ದ ಮೇಲೆ ಅಲ್ಲಿಗೆ ನೀರು ಬಂದೇ ಇಲ್ಲವಂತೆ. ನಾನು ಚೊಂಬು ತುಂಬಿಸಿಕೊಂಡದ್ದು ಕೋರ್ಟಿನ ಕ್ಯಾಂಟೀನಿನ ನಲ್ಲಿಯಲ್ಲಿ. ನನ್ನೊಳಗೆ ಕೆರೆಯ ಒಂದು ಹನಿಯೂ ಇಲ್ಲ, ಅಜ್ಜಿ. ಅಲೆ ಮಾತ್ರ ಬಡಿಯುತ್ತಲೇ ಇದೆ.