ಕಾರ್ನ್‌ವಾಲಿಸನಿಗೆ ಸಿಗದ ಎತ್ತುಗಳು

ಜುಲೈ 6, 2025, ಭಾನುವಾರ. ಬೆಳಿಗ್ಗೆ

ನಮ್ಮ ರಕ್ತಪರೀಕ್ಷೆ ಲ್ಯಾಬಿಗೆ ರಜೆ. ಕಡೂರಿಗೆಲ್ಲ ಇವತ್ತು ಬಿ.ಪಿ., ಶುಗರ್ ಇಲ್ಲ ಅಂತ ಇಟ್ಟುಕೊಳ್ಳೋಣ. ಟೀ ಕುಡಿದು ‘ಆಗದ ಚರಿತ್ರೆ’ ಗ್ರೂಪಿಗೆ ಕೊಲಚೆಲ್ ಕದನದ ಹೊಸ ಕಂತು ಹಾಕಿದೆ. 1741ರಲ್ಲಿ ಡಚ್ಚರು ತಿರುವಾಂಕೂರಿನ ಎದುರು ಸೋಲದೆ ಗೆದ್ದಿದ್ದರೆ? ಆರು ವರ್ಷದಿಂದ ಇದನ್ನೇ ಬರೆಯುತ್ತಿದ್ದೇನೆ. ಮೂರು ಲೈಕ್. ಒಂದು ಪ್ರಜ್ಞಾಳದು, ಗಂಡನೆಂಬ ದಾಕ್ಷಿಣ್ಯಕ್ಕೆ.

ಈಗ ಅವಳಿಗೂ ಬರೆಯುವ ಹುಚ್ಚು. ಪಾಠ ಮಾಡಲು ಯಗಟಿ ಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ಮೊಬೈಲಿನಲ್ಲೇ ಟೈಪ್ ಮಾಡಿದ್ದಾಳೆ. ಅಡಿಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಾ ಓದಿ ಹೇಳಿದಳು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೆ ಬಂದೂ, ಫಿರಂಗಿ ಎಳೆಯುವ ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದನಲ್ಲ — ಆಗ ಅಜ್ಜಂಪುರದ ದನ ಕಾಯುವ ಮುದುಕಿಯೊಬ್ಬಳು ಒಂದು ಹಿಂಡು ಅಮೃತಮಹಲ್ ತಳಿಯ ಎತ್ತುಗಳನ್ನು ಅವನಿಗೆ ಒಪ್ಪಿಸಿಬಿಟ್ಟಿದ್ದರೆ? ಕೊನೆಗೆ ಅದರಲ್ಲೊಂದು ಎತ್ತು ತಪ್ಪಿಸಿಕೊಂಡು ಮುದುಕಿಯನ್ನು ಹುಡುಕಿಕೊಂಡು ಬರುತ್ತದೆ.

“ಹೆಂಗಿದೆ ರೀ?”

“ಎತ್ತು ವಾಪಸ್ ಬರೋದು ಸಿನಿಮಾ ಆಯ್ತು ಕಣೇ. ಮಿಕ್ಕಿದ್ದು ಪರವಾಗಿಲ್ಲ, ಹಾಕು” ಎಂದೆ. ಭಾರಿ ಗುರುಗಳ ಹಾಗೆ.

ಜುಲೈ 9

ಅವಳಿಗೆ ಮುನ್ನೂರು ಲೈಕ್ ದಾಟಿದೆ. ಗ್ರೂಪಿನ ಅಡ್ಮಿನ್ ಖಾಸಿಂ ಸಾಬ್ — ತರೀಕೆರೆಯಲ್ಲಿ ಕನ್ನಡಕದ ಅಂಗಡಿ, ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ — “ಇಂಥದ್ದು ನಮ್ಮಲ್ಲಿ ಬಂದೇ ಇರಲಿಲ್ಲ ಮೇಡಂ” ಎಂದು ಬರೆದಿದ್ದಾರೆ. ಆರು ವರ್ಷದಲ್ಲಿ ನನಗೆ ಅವರು ಬರೆದದ್ದು ಒಂದೇ ಸಾಲು. “ಇಸವಿ ಸರಿನೋಡಿ.”

ಹೊಟ್ಟೆಕಿಚ್ಚು. ಇಲ್ಲಿ ಯಾರು ಓದುತ್ತಾರೆ, ಬರೆದೇಬಿಡುತ್ತೇನೆ. ಊಟದ ಮಧ್ಯೆ ಅವಳು ಮೊಬೈಲ್ ನೋಡಿ ನಕ್ಕರೆ ತಟ್ಟೆ ಎತ್ತಿಕೊಂಡು ಟಿ.ವಿ. ಮುಂದೆ ಹೋಗಿ ಕೂರುತ್ತೇನೆ. ಪೋಸ್ಟ್ ಆದ ಮೇಲೆ ಅವಳ ಕಥೆಯನ್ನು ತೆರೆದೂ ನೋಡಿಲ್ಲ. ಆಗುವುದಿಲ್ಲ ನನ್ನ ಕೈಲಿ.

ಜುಲೈ 12. ಮಧ್ಯಾಹ್ನ

ಹೊಸ ಅಕೌಂಟ್ ಮಾಡಿದೆ. ಹೆಸರು ‘ಫಿರಂಗಿ ಪಂಡಿತ’. ಅವಳ ಕಥೆಯನ್ನು ಓದದೆಯೇ ಅದರ ಕೆಳಗೆ ಹಾಕಿದೆ: “ಲೇಖಕಿಗೆ ಯುದ್ಧವೂ ಗೊತ್ತಿಲ್ಲ, ದನವೂ ಗೊತ್ತಿಲ್ಲ. ದಂಡಿನಿಂದ ಎತ್ತು ತಪ್ಪಿಸಿಕೊಂಡು ಮುದುಕಿಯನ್ನು ಹುಡುಕಿಕೊಂಡು ಬರುತ್ತದಂತೆ! ಇದು ಅಜ್ಜಿಕಥೆ. ಮೇಡಂ ಮಕ್ಕಳಿಗೆ ಪಾಠ ಮಾಡಿಕೊಂಡಿರಲಿ.”

ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು.

ಸಂಜೆ

ಅವಳು ಊಟಕ್ಕೆ ಏಳಲಿಲ್ಲ. “ಯಾರೋ ಬೈದವ್ರೆ ರೀ” ಎಂದಳು. “ಬರೆಯೋಕೆ ಇಳಿದ್ಮೇಲೆ ಇವೆಲ್ಲ ಇದ್ದಿದ್ದೇ, ಬಿಡು” ಎಂದೆ. ನನ್ನ ಮುಖವನ್ನೇ ನೋಡುತ್ತಾ ಕೂತಳು.

ಜುಲೈ 13

ಇವತ್ತು ಅವಳ ಕಥೆ ತೆರೆದು ಓದಿದೆ. ಎತ್ತು ವಾಪಸ್ ಬರುವ ಭಾಗವೇ ಇಲ್ಲ! ನಾನು ಹೇಳಿದೆನೆಂದು ತೆಗೆದೇ ಹಾಕಿದ್ದಾಳೆ. ತಕ್ಷಣ ಕಾಮೆಂಟಿನ ಆ ಸಾಲು ಅಳಿಸಿದೆ. ಯಾರೂ ಗಮನಿಸಿರಲಿಕ್ಕಿಲ್ಲ... ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಕಥೆ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಅದಕ್ಕೇ ಇನ್ನೂ ಉರಿ.

ಜುಲೈ 27

ಅವಳು ಏನೂ ಬರೆಯುತ್ತಿಲ್ಲ. ಬಸ್ಸಿನಲ್ಲಿ ಸುಮ್ಮನೆ ಹೊರಗೆ ನೋಡಿಕೊಂಡು ಹೋಗುತ್ತಾಳಂತೆ. ನಾನು ಗೆದ್ದೆ. ಗೆದ್ದವನಿಗೆ ಖುಷಿ ಇರಬೇಕಿತ್ತು.

ಖಾಸಿಂ ಸಾಬ್ ಇವತ್ತು ಹೊಸ ವಿಷಯ ಎತ್ತಿದ್ದಾರೆ. ಪ್ರಜ್ಞಾ ಮೇಡಂ ಕಥೆಯ ದನಗಳನ್ನು ಕಣ್ಣಾರೆ ನೋಡಲು ಗ್ರೂಪಿನವರೆಲ್ಲ ಅಜ್ಜಂಪುರಕ್ಕೆ ಹೋಗುವುದಂತೆ. ನನ್ನ ಕಂತು ಓದಿ ಕೊಲಚೆಲ್‌ಗೆ ಹೋಗೋಣ ಎಂದವನು ಇವತ್ತಿಗೂ ಒಬ್ಬನಿಲ್ಲ.

ಅದರ ಕೆಳಗೆ ಅವಳದೊಂದು ಸಾಲು: “ಫಿರಂಗಿ ಪಂಡಿತರೂ ಬರಲಿ. ಅವರ ಊಟ ನಾನೇ ತರುತ್ತೇನೆ.”

ರೋಷಕ್ಕೆ ಬಿದ್ದು ಪಂಡಿತನ ಹೆಸರಲ್ಲಿ “ಬರುತ್ತೇನೆ” ಎಂದು ಹಾಕಿಬಿಟ್ಟೆ. ಯಾಕೆ ಹಾಕಿದೆ? ಬುದ್ಧಿ ಇದೆಯಾ ನನಗೆ?

ಆಗಸ್ಟ್ 10, ಭಾನುವಾರ. ಸಂಜೆ

ಅಜ್ಜಂಪುರದಿಂದ ಈಗ ಬಂದೆವು. ದನಗಳು ನಿಜಕ್ಕೂ ಗಂಭೀರ. ಉದ್ದ ಕೊಂಬು, ಯಾರನ್ನೂ ಲೆಕ್ಕಕ್ಕೇ ಇಟ್ಟುಕೊಳ್ಳದ ನೋಟ. ಅವಳ ಸುತ್ತ ಸೆಲ್ಫಿಯೋ ಸೆಲ್ಫಿ. ಖಾಸಿಂ ಸಾಬ್ ಎಲ್ಲರಿಗೂ ನನ್ನನ್ನು ತೋರಿಸಿದರು. “ಇವ್ರು ದುಷ್ಯಂತ್ ಅಂತ, ಮೇಡಂ ಯಜಮಾನ್ರು. ಇವ್ರೂ ಏನೋ ಬರೀತಾರೆ.”

ಏನೋ!

ಮರದ ಕೆಳಗೆ ಊಟ. ಪ್ರಜ್ಞಾ ಮೂರು ಡಬ್ಬಿ ಇಟ್ಟಳು. ಅವಳಿಗೊಂದು, ನನಗೊಂದು, ಪಂಡಿತನಿಗೊಂದು. ಎಲ್ಲರೂ ಕಾದರು. ಪಂಡಿತ ಎಲ್ಲಿಂದ ಬಂದಾನು? “ಹೆದ್ರಿಕೊಂಡ್ಬಿಟ್ಟ ಕಣ್ರೀ” ಎಂದರು ಖಾಸಿಂ ಸಾಬ್. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವಳು ನಗಲಿಲ್ಲ. ಮೂರನೆಯ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು.

“ಇದೂ ನಿಮ್ದೇ. ತಿನ್ನಿ.” ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ, “ಎತ್ತು ವಾಪಸ್ ಬರೋದನ್ನ ನಾನು ನಮ್ಮ ಅಡಿಗೆಮನೇಲಿ ಬಿಟ್ರೆ ಇನ್ನೆಲ್ಲೂ ಓದಿ ಹೇಳಿಲ್ಲ.”

ತಿಂದೆ. ಎರಡೂ. ಚಿತ್ರಾನ್ನವೋ ಪುಳಿಯೋಗರೆಯೋ ಗೊತ್ತಾಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀರೂರು ದಾಟಿದ ಮೇಲೆ ಒಂದೇ ಮಾತು ಕೇಳಿದಳು: “ಎರಡ್ನೇ ಕಂತು ಬರ್ದಿಟ್ಟಿದೀನಿ. ಮೊದ್ಲು ಯಾರಿಗೆ ಓದಿ ಹೇಳ್ಲಿ? ನಿಮ್ಗೋ, ಅವ್ನಿಗೋ?”

ಈಗ ಕಂತು ಓದಿ ಹೇಳಲು ಒಳಗಿನಿಂದ ಕರೆಯುತ್ತಿದ್ದಾಳೆ. ಬಂದೆ ಎನ್ನಬೇಕು. ಬಂದವನು ಯಾರು ಎಂದು ಕೇಳಿದರೆ —