ಗಿಡ್ಡಿ ನಿಂತ ನೀರು

ತೇಲುಸೇತುವೆಯ ನೂರಾ ನಾಲ್ಕನೆಯ ವರ್ಷ,
ಶ್ರಾವಣದ ನಲವತ್ತೊಂದನೆಯ ದಿನ,
ಕೃಷ್ಣೆಯ ನಡುಗಡ್ಡೆ

ಹಿಂದಿನ ಕಾಲದಲ್ಲಿ ಕೂತು ಯಂತ್ರಗಳಿಗೆ ಒಂದರೊಡನೊಂದು ಮಾತಾಡಲು, ನೀರನ್ನು ಮುಟ್ಟಿ ನೋಡಲು ಕಲಿಸುತ್ತಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಕ್ಷಮಿಸಬೇಕು. ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ನಮ್ಮಲ್ಲಿ ಕೈಯಲ್ಲಿ ಬರೆಯುವವರೂ ಈಗ ಕಡಿಮೆ. ಹೇಳಬೇಕಾದ್ದನ್ನು ಕೂಟಕ್ಕೆ ಹೇಳಿಬಿಡುತ್ತೇವೆ, ಅದು ಮುಟ್ಟಿಸುತ್ತದೆ. ಆದರೆ ಕೂಟಕ್ಕೆ ಹೇಳಿದ್ದು ಊರಿಗೆಲ್ಲ ಕೇಳಿಸುತ್ತದೆ, ನನಗೆ ನಾಚಿಕೆ. ಅದಕ್ಕೇ ಈ ಕಾಗದ. ತಾರೀಖು ನೋಡಿ ನಗಬೇಡಿ. ಮಳೆಗಾಲ ಉದ್ದವಾದ ಮೇಲೆ ನಮ್ಮ ಮುತ್ತಜ್ಜಂದಿರು ಶ್ರಾವಣವನ್ನೂ ಉದ್ದ ಮಾಡಿಕೊಂಡರು. ನಿಮಗೆ ಹೊಸದೆನಿಸುವ ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ಆದರೆ ಬೇಗ ಬೇಗ ಬರೆಯಬೇಕು. ಬಿಸಿಲು ಹೊಸ್ತಿಲಿಗೆ ಬರುವಷ್ಟರಲ್ಲಿ ಒಂದು ಸಂಗತಿ ತಿಳಿಯಬೇಕಾಗಿದೆ. ಎರಡು ಸಾಲು ಬರೆದು ಎದ್ದು ಹೋಗಿ ಹೊಳೆ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಕೂಟವೆಂದರೆ ಇಷ್ಟು. ನಡುಗಡ್ಡೆಯ ಸುತ್ತ ಹೊಳೆಯಲ್ಲಿ ಗೂಟಗಳನ್ನು ನೆಟ್ಟಿದ್ದಾರೆ. ಒಂದೊಂದಕ್ಕೂ ತಲೆಯ ಮೇಲೆ ಕಣ್ಣು, ನೀರೊಳಗೆ ನಾಲಿಗೆ. ನಾಲಿಗೆ ನೀರಿನ ಎತ್ತರವನ್ನೂ ಸೆಳೆತವನ್ನೂ ತಿಳಿಯುತ್ತದೆ. ಕಣ್ಣು ಹಸಿರಾಗಿದ್ದರೆ ಭಯವಿಲ್ಲ, ಕೆಂಪಾದರೆ ಇದೆ. ಇವಕ್ಕೆ ಯಜಮಾನ ಗೂಟ ಅಂತ ಯಾವುದೂ ಇಲ್ಲ. ಎಲ್ಲವೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬರುತ್ತವೆ. ಆ ತೀರ್ಮಾನದಂತೆ ತೇಲುಸೇತುವೆ ಆಚೆ ದಡದವರೆಗೆ ಹಾಸಿಕೊಳ್ಳುತ್ತದೆ, ಇಲ್ಲವೆ ಮಡಚಿಕೊಂಡು ಸುಮ್ಮನಿರುತ್ತದೆ. ಎಮ್ಮೆಗಳ ಕೊರಳಗಂಟೆಯೂ ಕೂಟದ್ದೇ. ನೀರು ಏರುವ ಮೊದಲೇ ಗಂಟೆಯ ದನಿ ಬದಲಾಗುತ್ತದೆ, ಎಮ್ಮೆಗಳು ಮೇಯುವುದನ್ನು ಬಿಟ್ಟು ಮನೆ ಕಡೆ ತಿರುಗುತ್ತವೆ. ಅಂಗಳದಲ್ಲಿ ಜೋಳ ಹರವಿದ್ದರೆ ಹನಿ ಬೀಳುವ ಮೊದಲೇ ತಾಡಪಾಲು ತಾನಾಗಿ ಎಳೆದುಕೊಳ್ಳುತ್ತದೆ. ಒಳ್ಳೆಯ ಕೆಲಸ ಮಾಡಿಕೊಟ್ಟಿದ್ದೀರಿ, ಇಲ್ಲವೆನ್ನುವುದಿಲ್ಲ. ನನ್ನ ಕೆಲಸ ಗೂಟಗಳ ನಾಲಿಗೆಗೆ ಹತ್ತಿದ ಪಾಚಿ ಒರೆಸುವುದು. ದನಗಳಿಗಿಟ್ಟಂತೆ ಅವಕ್ಕೂ ಹೆಸರಿಟ್ಟಿದ್ದೇವೆ, ಚೆಲುವಿ, ಕೆಂಪಿ, ಗಿಡ್ಡಿ ಅಂತ. ಯಾರೊಂದಿಗೂ ಮಾತಾಡಬೇಕಿಲ್ಲವಾದ್ದರಿಂದ ಈ ಕೆಲಸ ನನಗೆ ಇಷ್ಟ.

ಒಂದು ಗೂಟ ಮಿಕ್ಕವು ಹೇಳದ ಮಾತು ಹೇಳಿದರೆ ಕೂಟ ಅದನ್ನು ಬದಿಗಿಡುತ್ತದೆ. ಅದಕ್ಕೆ ರೋಗ ಬಂದಿದೆಯೆಂದು ತಿಳಿದು ನಾವು ಹಳದಿ ಬಟ್ಟೆ ಕಟ್ಟುತ್ತೇವೆ. ಆಮೇಲೆ ಅದರ ಮಾತು ಲೆಕ್ಕಕ್ಕಿಲ್ಲ. ಪಕ್ಕದ ಇನ್ನೊಂದು ಗೂಟವೂ ಅದರಂತೆಯೇ ಕೆಂಪಾದರೆ ಮಾತ್ರ ಅದರ ಮಾತು ಮತ್ತೆ ಲೆಕ್ಕಕ್ಕೆ ಬಂದು ಸೇತುವೆ ನಿಲ್ಲುತ್ತದೆ, ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರುವವರೆಗೆ ಅಲುಗುವುದಿಲ್ಲ. ಈ ಪದ್ಧತಿ ನಮ್ಮವರಿಗೆ ಎಷ್ಟು ಹಿಡಿಸಿತೆಂದರೆ ಊರಿನ ಸಭೆಗೂ ಅದನ್ನೇ ತಂದುಕೊಂಡರು. ಎಲ್ಲರೂ ಒಂದು ಹೇಳುವಾಗ ಬೇರೊಂದು ಹೇಳಿದವರು ಹುಣಸೆ ಮರದ ಕೆಳಗಿನ ಬದಿಗಲ್ಲಿನ ಮೇಲೆ ಕೂರಬೇಕು. ಹುಣ್ಣಿಮೆಯವರೆಗೆ ಅವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬೈಯುವುದಿಲ್ಲ, ಚಹಾ ಕೂಡ ಕೊಡುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಹೋಗಿ ಕೂತರೆ ಆ ಮಾತನ್ನು ಮತ್ತೆ ವಿಚಾರಿಸಬೇಕು. ಹಾಗೆ ಯಾರಾದರೂ ಹೋಗಿ ಕೂತದ್ದನ್ನು ನಾನು ನೋಡಿಲ್ಲ.

ಮೊನ್ನೆ ಗಿಡ್ಡಿಯ ಕಣ್ಣು ಕೆಂಪಾಯಿತು. ಗಿಡ್ಡಿ ಇರುವುದು ಸೇತುವೆಯ ಹಗ್ಗ ಬಿಗಿದ ದಂಡೆಯ ಕೆಳಗೆ. ಉಳಿದ ಗೂಟಗಳೆಲ್ಲ ಹಸಿರು. ಕೂಟ ಗಿಡ್ಡಿಯನ್ನು ಬದಿಗಿಟ್ಟಿತು, ಹಳದಿ ಬಟ್ಟೆಯನ್ನು ನಾನೇ ಕಟ್ಟಿದೆ. ಕಟ್ಟುವಾಗ ಅಂಗಾಲ ಕೆಳಗಿನ ಮರಳು ಸರ್ರನೆ ಜಾರಿತು. ನೀರು ಮೇಲೆ ಶಾಂತವಾಗಿತ್ತು, ತಳದಲ್ಲಿ ಮಾತ್ರ ದಂಡೆಯ ಒಳಕ್ಕೆ ಎಳೆಯುತ್ತಿತ್ತು. ನನ್ನ ಅಪ್ಪನ ಅಕ್ಕ ದ್ಯಾವಮ್ಮತ್ತೆಗೆ ಮಾತ್ರ ಹೇಳಿದೆ. ಅವಳು ಹೊಳೆಯಲ್ಲಿ ಹರಿಗೋಲು ನಡೆಸುವವಳು. ಬಂದು ಗಿಡ್ಡಿಯ ಪಕ್ಕ ನೀರಿಗಿಳಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸೀರೆಯ ಸೆರಗನ್ನೂ ಹಿಂಡದೆ ನೇರ ಸಭೆಗೆ ಹೋದಳು.

ಇವತ್ತು ಆಚೆ ದಡದಲ್ಲಿ ಸಂತೆ. ನಡುಗಡ್ಡೆಯವರೆಲ್ಲ ಸೇತುವೆಯ ಮೇಲೆ ಹೋಗುತ್ತಾರೆ. ಎಮ್ಮೆ ಹಿಡಿದುಕೊಂಡು ನಮ್ಮವ್ವ ಎಲ್ಲರಿಗಿಂತ ಮುಂದೆ. ಜನ ನಡುಹೊಳೆಯಲ್ಲಿದ್ದಾಗ ದಂಡೆ ಕುಸಿದರೆ ಹಗ್ಗ ಕಿತ್ತು ಬರುತ್ತದೆ. ಅತ್ತೆ ಸಭೆಯಲ್ಲಿ ಇದನ್ನೇ ಹೇಳಿದಳು. ಹಿರಿಯರಾದ ಯಂಕೋಬ ಮಾವ ಸಮಾಧಾನದಿಂದಲೇ ಕೇಳಿದರು.

“ಗೂಟ ಎಲ್ಲಾ ಒಂದು ಹೇಳ್ತಾವ, ನೀ ಒಬ್ಬಾಕಿ ಒಂದು ಹೇಳ್ತಿ. ಹೋಗಿ ನೋಡಾಕ ಏನೈತಿ ಅದರಾಗ? ಬದಿಗೆ ಕುಂದ್ರವ್ವ ದ್ಯಾವಮ್ಮ.”

ಹಿಂದಿನಿಂದ ಯಾರೋ, “ಅತ್ತಿಗೂ ಒಂದು ಹಳದಿ ಬಟ್ಟಿ ಕಟ್ರಿ” ಅಂದರು.

“ಕಟ್ರಪ್ಪ. ಸೀರಿ ತೊಯ್ದೈತಿ, ಥಂಡಿಗೆ ಆಗ್ತೈತಿ” ಅಂದಳು ಅತ್ತೆ.

ಎಲ್ಲರೂ ನಕ್ಕರು. ಅವಳು ಬದಿಗಲ್ಲಿನ ಮೇಲೆ ಹೋಗಿ ಕೂತಳು. ನಾನು ಹೆಂಗಸರ ಹಿಂದೆ ನಿಂತಿದ್ದೆ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಸಭೆ ಮುಗಿದು ಚಹಾ ಕೊಡಲು ಹೋದಾಗ ಅತ್ತೆ ನನ್ನ ಮುಖ ನೋಡದೆ ಹೇಳಿದಳು.

“ಬಾಯಿ ಬರಲಿಲ್ಲಂದ್ರ ಬ್ಯಾಡ ಬಿಡು. ಕಾಲು ಬರ್ತಾವಲ್ಲ? ಬಂದು ಪಕ್ಕಕ್ಕ ಕುಂದ್ರು.”

ಆಗಿನಿಂದ ಒಂದೇ ವಿಚಾರ ತಲೆಯಲ್ಲಿ ತಿರುಗುತ್ತಿದೆ. ಯಾವ ಗೂಟವೂ ಸುಳ್ಳು ಹೇಳಿಲ್ಲ. ಚೆಲುವಿ ನಿಂತ ಕಡೆ ನೀರು ನಿಜವಾಗಿ ಶಾಂತವಾಗಿದೆ, ಕೆಂಪಿ ನಿಂತ ಕಡೆಯೂ ಅಷ್ಟೇ. ಗಿಡ್ಡಿ ನಿಂತ ಕಡೆ ಇಲ್ಲ. ಎಲ್ಲವೂ ನೋಡುತ್ತಿರುವುದು ಒಂದೇ ಹೊಳೆಯನ್ನು ಎಂದು ಕೂಟ ನಂಬಿದೆ. ಹೊಳೆ ಕೆಳಗೆ ಸದ್ದಿಲ್ಲದೆ ಇನ್ನೊಂದು ದಾರಿ ಮಾಡಿಕೊಂಡಿದೆ. ಕೂಟಕ್ಕೆ ಇದನ್ನು ಹೇಳಿಕೊಡದವರು ನೀವು. ಬೈಯುತ್ತಿಲ್ಲ, ನಿಮಗೆ ನಮ್ಮ ಹೊಳೆ ಗೊತ್ತಿರಲಿಕ್ಕಿಲ್ಲ.

ಇಂದು ನಸುಕಿನಲ್ಲಿ ಹೊಳೆಗಿಳಿದು ಚೆಲುವಿಯನ್ನು ಕಿತ್ತೆ. ಒರೆಸಲು ಗೂಟ ಕೀಳುವುದು ನನ್ನ ಕೆಲಸವೇ ಆದ್ದರಿಂದ ನೋಡಿದವರು ಕೇಳಲಿಲ್ಲ. ಹೆಗಲ ಮೇಲೆ ಹೊತ್ತು ತಂದು ಗಿಡ್ಡಿಯ ಪಕ್ಕದಲ್ಲಿ ನೆಟ್ಟೆ. ಹೊಸ ಜಾಗದ ನೀರಿಗೆ ನಾಲಿಗೆ ಒಗ್ಗಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಈ ಕಾಗದ ಬರೆದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಒಂದರ ಮಾತು ಉಳಿದವುಗಳ ಮಾತಿಗೆ ಹೊಂದದಿದ್ದರೆ, ಅದಕ್ಕೆ ರೋಗವೆನ್ನುವ ಮೊದಲು ಅದು ಎಲ್ಲಿ ನಿಂತಿದೆ ಎಂದು ಕೇಳಲು ಕಲಿಸಿ. ಕೇಳಿ ಸುಮ್ಮನಾಗುವುದಲ್ಲ, ಅಲ್ಲಿಗೆ ಒಬ್ಬರನ್ನು ಕಳಿಸುವಂತೆ ಮಾಡಿ. ನೀವು ಯಂತ್ರಕ್ಕೆ ಏನು ಕಲಿಸುತ್ತೀರೋ ಅದನ್ನು ಮನುಷ್ಯರೂ ಕಲಿಯುತ್ತಾರೆ. ನಮ್ಮೂರಲ್ಲಿ ಕಲಿತಿದ್ದಾರೆ.

ಈಗ ಹೋಗಿ ನೋಡಿ ಬಂದೆ. ಚೆಲುವಿಯೂ ಕೆಂಪಾಗಿದೆ. ಅರ್ಧ ಹಾಸಿಕೊಂಡಿದ್ದ ಸೇತುವೆ ಅಲ್ಲೇ ನಿಂತಿದೆ. ಸಂತೆಗೆ ಹೊರಟವರು ಗಲಾಟೆ ಮಾಡುತ್ತಿದ್ದಾರೆ. ಚೆಲುವಿಯನ್ನು ಕಿತ್ತವರು ಯಾರೆಂದು ಯಂಕೋಬ ಮಾವ ಕೇಳುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ದಂಡೆಯನ್ನು ನೋಡದೆ ಗೂಟವನ್ನೇ ಹಿಂದಕ್ಕೆ ನೆಟ್ಟುಬಿಟ್ಟಾರು ಎಂಬ ಹೆದರಿಕೆ ನನಗೆ. ಹೋಗಿ ಹೇಳಬೇಕು. ದನಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅತ್ತೆ ಇವತ್ತೂ ಬದಿಗಲ್ಲಿನ ಮೇಲಿದ್ದಾಳೆ, ಮೊದಲು ಹೋಗಿ ಅವಳ ಪಕ್ಕ ಕೂರುತ್ತೇನೆ. ಅಷ್ಟಕ್ಕೆ ಕಾಲು ಸಾಕು.

ಚೆಲುವಿಯನ್ನು ನೆಟ್ಟ ಮೇಲೆ ಗಿಡ್ಡಿಗೆ ಕಟ್ಟಿದ್ದ ಹಳದಿ ಬಟ್ಟೆಯನ್ನು ಬಿಚ್ಚಿ, ಕೆಸರು ಹೋಗುವಂತೆ ತೊಳೆದು, ಬೇಲಿಯ ಮೇಲೆ ಬಿಸಿಲಿಗೆ ಹಾಕಿ ಬಂದಿದ್ದೇನೆ.